ಆರುನೂರು ಡಿಗ್ರಿ

ಉಗುರು ತಾಗಿಸಿದ್ದಷ್ಟೇ. ಡಬ್ಬಿ ಮುಚ್ಚಳದ ಮೇಲಿನ ಬೆಳ್ಳಿ ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಬೆರಳಿಗೆ ಬಂತು. ಅವನು ಮುಚ್ಚಳವನ್ನು ಇಕ್ಕಳದಲ್ಲಿ ಹಿಡಿದು ಬಿಸಿ ಎಂಜಿನ್ ಎಣ್ಣೆಯ ಬಾಣಲೆಯಲ್ಲಿ ಇನ್ನೊಮ್ಮೆ ಅದ್ದಿ, ಮತ್ತೊಂದು ಕಡೆ ಕೆರೆದ. ಅಲ್ಲೂ ಬಂತು.

ಷೆಡ್ಡಿನ ಹೊರಗೆ, ದಡಕ್ಕೆ ಕಟ್ಟಿದ ದೋಣಿಯಲ್ಲಿ ಅಕ್ಕ ಎಂಜಿನ್ನಿನ ಕೊನೆಯ ಬೋಲ್ಟು ಬಿಗಿಯುತ್ತಿದ್ದಳು. ದೋಣಿ ಅವಳದು, ರಿಪೇರಿಯೂ ಅವಳದೇ. ಬಣ್ಣ ಮಾತ್ರ ತಮ್ಮನದು. ಹತ್ತು ಗಂಟೆಗೆ ಮೊದಲ ಟ್ರಿಪ್. ಆಚೆ ದಡದ ಆಸ್ಪತ್ರೆಗೆ ಹೋಗುವವರು ಆಗಲೇ ಬೆಂಚಿನ ಮೇಲೆ ಕೂತಿದ್ದರು. ಎಂಟು ಜನ, ಒಂದು ಊರುಗೋಲು, ಒಂದು ಹಸುಗೂಸು. ಕಿಟಕಿಯಿಂದ ಎಣಿಸಿದ. ಮತ್ತೆ ಎಣಿಸಿದ.

ಬಣ್ಣ ಆರಿಸಿದ್ದು ಅವನೇ. ಆರುನೂರು ಡಿಗ್ರಿ ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಸುಳ್ಳಲ್ಲ. ಪ್ರತಿ ಸಲದಂತೆ ಒಂದು ಮುಚ್ಚಳಕ್ಕೆ ಬಳಿದು, ಒಲೆಯ ಉರಿಯ ಮೇಲೆ ಚೆನ್ನಾಗಿ ಕಾಯಿಸಿ, ಸುತ್ತಿಗೆಯಿಂದ ಬಡಿದು ನೋಡಿದ್ದ. ಒಂದು ಚೂರೂ ಎದ್ದಿರಲಿಲ್ಲ. ಆ ಖುಷಿಯಲ್ಲಿ ಸೈಲೆನ್ಸರಿಗೆ ಬಳಿದ. ಮಿಕ್ಕಿದ್ದನ್ನು, ತುಕ್ಕು ಹಿಡಿಯದಿರಲಿ ಎಂದು, ಎಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ಚೇಂಬರಿನ ಒಳಗೂ ಬಳಿದ. ಅಕ್ಕ ಹೇಳಿರಲಿಲ್ಲ. ಹೊರಗಷ್ಟೇ ಬಳಿದು ಬಿಟ್ಟರೆ ಅರ್ಧ ಮುಖ ತೊಳೆದ ಹಾಗೆ ಅನಿಸಿತ್ತು.

ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಈ ಬಣ್ಣ ಗಟ್ಟಿಯಾಗುವುದೇ ಉರಿಯಲ್ಲಿ ಬೆಂದ ಮೇಲೆ. ಸೈಲೆನ್ಸರ್ ತನ್ನ ಕಾವಿಗೆ ತಾನೇ ಬೇಯುತ್ತದೆ. ಚೇಂಬರಿನ ಎಣ್ಣೆ ನೂರು ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಅಲ್ಲಿ ಬಣ್ಣ ಹಸಿಯಾಗಿಯೇ ಇದ್ದು, ಪದರ ಪದರ ಕಳಚಿ, ಎಣ್ಣೆ ಹೀರುವ ಜಾಲರಿಗೆ ಹೋಗಿ ಮೆತ್ತಿಕೊಳ್ಳುತ್ತದೆ. ಆಮೇಲೆ ಎಣ್ಣೆ ಮೇಲೇರುವುದಿಲ್ಲ. ಎಂಜಿನ್ ಕಚ್ಚಿಕೊಂಡು ನಿಲ್ಲುತ್ತದೆ, ಅದೂ ಸೆಳವಿರುವ ನಡುನೀರಿನಲ್ಲಿ. ಅದಕ್ಕೇ, ಅವತ್ತು ಬಳಿದು ಉರಿಗೆ ಹಿಡಿಯದೆ ಬಿಟ್ಟಿದ್ದ ಇನ್ನೊಂದು ಮುಚ್ಚಳವನ್ನು ಬಿಸಿ ಎಣ್ಣೆಗೆ ಹಾಕಿ ನೋಡಿದ್ದು.

ಒಲೆ ಆರಿಸಿ, ಮುಚ್ಚಳ ಹಿಡಿದು ದಡಕ್ಕೆ ಓಡಿದ. ಅಷ್ಟರಲ್ಲಿ ಎಂಜಿನ್ ಚಾಲೂ ಆಗಿತ್ತು.

"ಕೇಳೋ, ಎಷ್ಟು ಮೆತ್ತಗೆ ಮಾತಾಡ್ತಿದೆ," ಎಂದಳು ಅಕ್ಕ. "ನಿನ್ನ ಭಾವ ಒಂದಿನಾದ್ರೂ ಹೀಗೆ ಮಾತಾಡಿದ್ದುಂಟಾ?"

"ಆಫ್ ಮಾಡಕ್ಕಾ."

"ಮೂರು ದಿನ ಕೂತು ಜೋಡಿಸಿದೀನಿ. ಕಣ್ತುಂಬ ನೋಡೋಕಾದ್ರೂ ಬಿಡು."

"ಚೇಂಬರ್ ಒಳಗೂ ಬಣ್ಣ ಹೊಡೆದಿದೀನಿ."

"ನೋಡಿದೆ. ಕನ್ನಡಿ ಥರ ಇತ್ತು. ಮೇಲೆ ಥಳುಕು ಒಳಗೆ ಹುಳುಕು ಅಂತ ಇನ್ನು ಯಾರೂ ಅನ್ನಂಗಿಲ್ಲ."

ಅವನು ಮುಚ್ಚಳ ಚಾಚಿದ. ಅವಳು ಹೆಬ್ಬೆರಳಿನಿಂದ ಉಜ್ಜಿದಳು. ಬಣ್ಣ ಜಾರಿತು. ನಗು ಮಾತ್ರ ಇನ್ನೂ ಸ್ವಲ್ಪ ಹೊತ್ತು ಮುಖದ ಮೇಲೆ ಉಳಿದಿತ್ತು.

"ಅದೇ ಬಣ್ಣಾನಾ?"

"ಅದೇ. ಅರ್ಧ ಗಂಟೆ ಬಿಸಿ ಎಣ್ಣೇಲಿತ್ತು."

ಅವಳು ಎಂಜಿನ್ ಆರಿಸಿದಳು. ಬೆಂಚಿನಿಂದ ಊರುಗೋಲಿನ ಮುದುಕ ಕೂಗಿದ: "ಹೊರಡೋದು ಯಾವಾಗಮ್ಮಾ? ಡಾಕ್ಟ್ರು ಹನ್ನೊಂದಕ್ಕೆ ಎದ್ದು ಹೋಗ್ತಾರೆ."

"ಇಗೋ ಆಯ್ತು ತಾತ." ಆಮೇಲೆ ತಮ್ಮನಿಗೆ ಸಣ್ಣ ದನಿಯಲ್ಲಿ, "ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ನೀನೇ ಕಣೋ ಆ ದೊಣ್ಣೆ."

"ಬೈಕೋ. ಆದ್ರೆ ಬಿಚ್ಚು."

"ಬಿಚ್ಚಿದ್ರೆ ಇಡೀ ದಿನ ಹೋಯ್ತು. ಇವ್ರೆಲ್ಲ ಏನು ಈಜ್ಕೊಂಡು ಹೋಗ್ತಾರಾ? ಇಪ್ಪತ್ತೇ ನಿಮಿಷ. ಹೋಗಿ ಬಂದು ಬಿಚ್ಚೋಣ." ಎಂಜಿನ್ ಪಕ್ಕದ ಹಲಗೆಯನ್ನು ತಟ್ಟಿದಳು. "ಬಾ, ಇಲ್ಲಿ ಕೂತ್ಕೊಂಡು ಆಯಿಲ್ ಮೀಟರಿನ ಮುಳ್ಳು ನೋಡ್ತಿರು. ಇಳೀತು ಅಂದ ತಕ್ಷಣ ನಿಲ್ಲಿಸ್ತೀನಿ."

"ಎಲ್ಲಿ ನಿಲ್ಲಿಸ್ತೀಯ?"

ಅವಳು ನೀರಿನ ಕಡೆ ನೋಡಿದಳು. ಕೈ ಚಾಚಿದಳು; ಚಿಕ್ಕಂದಿನಿಂದ ಅವನನ್ನು ದೋಣಿಗೆ ಎಳೆದುಕೊಳ್ಳುತ್ತಿದ್ದ, ಎಣ್ಣೆ ಮೆತ್ತಿದ ಅದೇ ಕೈ. ಅವನ ಹಿಂದೆ ಹಸುಗೂಸಿನ ತಾಯಿ ಎದ್ದು ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಹತ್ತೋ ಮೊದಲು. ನೀನು ಹತ್ತಿದ್ರೆ ಅವರೂ ಹತ್ತುತಾರೆ."

"ನಾನು ಹತ್ತಲ್ಲ," ಎಂದ ಅವನು, ಬೆಂಚಿನ ಕೊನೆಯವರೆಗೂ ಕೇಳುವಷ್ಟು ಗಟ್ಟಿಯಾಗಿ.