ಕಂಡದ್ದಷ್ಟೇ ಹೇಳು

ನನ್ನಮ್ಮ ವಿಜ್ಞಾನದ ಟೀಚರಾಗಿದ್ದಳು. ಶಾಲೆಯ ಮಕ್ಕಳು ಬೆನ್ನ ಹಿಂದೆ ಅವಳನ್ನು 'ಕಂಡದ್ದೇನು ಟೀಚರ್' ಎನ್ನುತ್ತಿದ್ದರು. ಅವರಿಗೆ ಆ ಪ್ರಶ್ನೆಯ ಕಾಟ ಗಂಟೆ ಹೊಡೆಯುವ ತನಕ, ನನಗೆ ಮನೆಗೆ ಬಂದ ಮೇಲೂ ತಪ್ಪುತ್ತಿರಲಿಲ್ಲ. ಒಮ್ಮೆ ಅಡುಗೆಮನೆಯಲ್ಲಿ ಗಾಜಿನ ಲೋಟ ಚೂರಾಗಿ ಬಿದ್ದಿತ್ತು. "ಬೆಕ್ಕು ಒಡೀತು" ಎಂದೆ.

"ಒಡೆಯೋದನ್ನ ನೋಡಿದ್ಯಾ?"

"ಇಲ್ಲ. ಆದ್ರೆ ಅಲ್ಲೇ ಕೂತಿದೆಯಲ್ಲ!"

"ಲೋಟ ಒಡೆದಿದೆ, ಬೆಕ್ಕು ಕೂತಿದೆ. ಇದು ಕಂಡದ್ದು. ಬೆಕ್ಕೇ ಒಡೀತು ಅನ್ನೋದು ನಿನ್ನ ತೀರ್ಮಾನ. ಎರಡನ್ನೂ ಕಲಸಬೇಡ."

ಬೆಕ್ಕಿಗೆ ಸಿಕ್ಕ ನ್ಯಾಯ ಆ ಮನೆಯಲ್ಲಿ ನನಗೆ ಒಂದು ದಿನವೂ ಸಿಗಲಿಲ್ಲ.

ಈಗ ಅವಳಿಗೆ ಮರೆವಿನ ಕಾಯಿಲೆ. ಕಣ್ಣಿಗೆ ಬಿದ್ದದ್ದನ್ನು ಚಾಚೂ ತಪ್ಪದೆ ಹೇಳುತ್ತಾಳೆ. ಅದನ್ನು ಒಂದಕ್ಕೊಂದು ಸೇರಿಸುವ ಶಕ್ತಿ ಮಾತ್ರ ಕೈಕೊಟ್ಟಿದೆ. ನಾನು ಯಾರೆಂದು ಗೊತ್ತಿಲ್ಲ. "ಅಮ್ಮಾ" ಎಂದರೆ ಗಾಬರಿಯಾಗುತ್ತಾಳೆ, ಅದಕ್ಕೇ ನಾನೂ "ಟೀಚರ್" ಎನ್ನುತ್ತೇನೆ. ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದವಳೇ ಅವಳೆದುರು ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಒಂದೇ ಒಂದು ಸಲ ಅವಳು ನನ್ನನ್ನು ಮಗಳೇ ಎನ್ನಬೇಕು. ನನಗೆ ಬೇರೇನೂ ಬೇಡ.

"ಏನು ಕಾಣ್ತಿದೆ ಟೀಚರ್?"

"ಒಬ್ಬ ಹೆಂಗಸು. ಕೈಯೆಲ್ಲ ಔಷಧಿ ವಾಸನೆ. ಕಣ್ಣು ಕೆಂಪಗಿದೆ."

"ಅತ್ತಿದ್ದಾಳಾ?"

"ಅದು ಹೇಗೆ ಹೇಳೋದು? ಈರುಳ್ಳಿ ಹೆಚ್ಚಿರಬಹುದು."

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಇವತ್ತು ಬಿಡಬಾರದೆಂದು ನನ್ನ ಚಿಕ್ಕಂದಿನ ಫೋಟೋ ತಂದು ಅವಳ ತೊಡೆಯ ಮೇಲಿಟ್ಟೆ. ಜಾರಿ ಬಿದ್ದು ಗಲ್ಲ ಸೀಳಿಕೊಂಡಾಗ ನನ್ನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವಳು ಇವಳೇ. ಅವಳು ಫೋಟೋ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಫೋಟೋ ನೋಡಿದಳು.

"ಇಬ್ಬರ ಗಲ್ಲದ ಮೇಲೂ ಕಲೆ ಇದೆ. ಒಂದೇ ಜಾಗದಲ್ಲಿ."

"ಹಾಗಾದ್ರೆ?"

"ಹಾಗಾದ್ರೆ ಏನು? ಇಬ್ಬರಿಗೂ ಕಲೆ ಇದೆ, ಅಷ್ಟೇ."

ಸಿಟ್ಟು ನೆತ್ತಿಗೇರಿತು. ಫೋಟೋ ಕಿತ್ತುಕೊಂಡು ಎದ್ದುಬಿಟ್ಟೆ.

"ಕೂತ್ಕೊಳ್ಳಮ್ಮ" ಎಂದಳು. ದನಿಯಲ್ಲಿ ತರಗತಿಯ ಹಳೆಯ ಗತ್ತಿತ್ತು. "ಒಂದು ತೀರ್ಮಾನ ಹೇಳ್ಲಾ?"

ಎಷ್ಟೋ ಕಾಲದ ಮೇಲೆ ಅವಳ ಬಾಯಲ್ಲಿ ಆ ಮಾತು ಬಂದಿತ್ತು. ಮತ್ತೆ ಕುರ್ಚಿಯಲ್ಲಿ ಕೂತೆ. "ಹೇಳಿ ಟೀಚರ್."

"ನಿಂಗೆ ಅಮ್ಮ ಇಲ್ಲ."

ಅವಳೇ ಕಲಿಸಿದ ಪ್ರಶ್ನೆ ಕೇಳಿದೆ. "ಏನು ನೋಡಿ ಹೇಳಿದ್ರಿ?"

"ಸ್ವೆಟರಿನ ಗುಂಡಿ ಕಿತ್ತುಹೋಗಿದೆ. ತುಟಿ ಒಣಗಿದೆ, ಬಂದಾಗಿನಿಂದ ಒಂದು ತೊಟ್ಟು ನೀರೂ ಕುಡಿದಿಲ್ಲ. ಅಮ್ಮ ಅಂತ ಒಬ್ಬಳು ಇದ್ದಿದ್ರೆ ಸುಮ್ನೆ ಬಿಡ್ತಿದ್ಲಾ?"

ತಪ್ಪು ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಅವಳು ಕಂಡದ್ದೆಲ್ಲ ಸರಿಯಾಗಿತ್ತು.

ಅವಳು ತನ್ನ ನೀರಿನ ಲೋಟವನ್ನು ನನ್ನ ಕಡೆ ಸರಿಸಿದಳು. "ತಳ ಕಾಣೋ ತನಕ ಕುಡೀಬೇಕು" ಎಂದಳು. ಚಿಕ್ಕಂದಿನಲ್ಲಿ ಹಾಲಿನ ಲೋಟ ಕೊಟ್ಟು ಹೀಗೇ ಹೇಳಿ, ಎದುರಿಗೇ ಕಾಯುತ್ತಿದ್ದಳು. ನಾನು ಪೂರ್ತಿ ಕುಡಿದು, ಖಾಲಿ ಲೋಟ ಬಗ್ಗಿಸಿ ಅವಳಿಗೆ ತೋರಿಸಿದೆ.