ಮೂರು ಬೆರಳ ವಿಭೂತಿ, ಒಂದು ಬೆಳಕಿನ ಚಿಮಟ

ಬಸ್ಸಿನ ಕಿಟಕಿಯಿಂದ ಬಿದ್ದ ಬಿಸಿಲಲ್ಲಿ ಧೂಳು ಕುಣಿಯುತ್ತಿದೆ, ಒಂದು ಕಣವೂ ನಿಂತಲ್ಲಿ ನಿಲ್ಲುತ್ತಿಲ್ಲ, ಆದರೆ ಲ್ಯಾಬಿನ ಆ ಮಣಿ ನಿಂತಿತ್ತು — ಗುಬ್ಬಿಯಪ್ಪನಾಣೆ ಸಾರ್, ಒಂದಕ್ಷರ ಸುಳ್ಳಿಲ್ಲ ಎಂದು ರೇಣುಕಾಪ್ರಸಾದ್ ಕುಣಿಗಲ್ಲಿನಲ್ಲಿ ಹತ್ತುವಾಗಲೇ ಪಕ್ಕದ ಸೀಟಿನ ಮಹಾದೇವಯ್ಯನವರಿಗೆ ಹೇಳಿದ್ದ, ಅವರು ತೊಡೆಯ ಮೇಲಿನ ತೆಂಗಿನಕಾಯಿ ಚೀಲ ತಬ್ಬಿಕೊಂಡು ಹೂಂ ಎಂದಿದ್ದರು, ಇಡೀ ತುಮಕೂರು ಅವನಿಗೆ ಕೊಡುವುದು ಇದೇ ಹೂಂ, ದೇವರಾಯನದುರ್ಗದ ಚಿರತೆಯನ್ನು ಬ್ಯಾಟರಿ ಬೆಳಕಿನಿಂದಲೇ ಕೂರಿಸಿದ್ದೆ ಎಂದದ್ದಕ್ಕೆ, ಕುಣಿಗಲ್ ಕುದುರೆ ತನ್ನ ಸ್ಕೂಟರನ್ನು ಹಿಂದೆ ಹಾಕಿ ಎಡಕ್ಕೆ ತಿರುಗುವಾಗ ಕಿವಿಯಲ್ಲೇ ಸಿಗ್ನಲ್ ಕೊಟ್ಟಿತು ಎಂದದ್ದಕ್ಕೆ, ಸರಿ, ಅವಕ್ಕೆ ಹೂಂ ಅನ್ನಲಿ, ಆದರೆ ಇದಕ್ಕೂ? ತಾನು ಪಾಠ ಮಾಡುವ ತುಮಕೂರಿನ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಎಲ್ಲರೂ ಊಟಕ್ಕೆ ಹೋಗಿದ್ದಾಗ, ವರ್ಷಗಟ್ಟಲೆ ಒದ್ದಾಡಿ ಜೋಡಿಸಿದ ಲೇಸರನ್ನು ಮೈಕ್ರೋಸ್ಕೋಪಿನ ಲೆನ್ಸಿನೊಳಗೆ ಹಾಯಿಸುತ್ತಾನೆ, ನೀರಹನಿಯಲ್ಲಿ ಬರಿಗಣ್ಣಿಗೆ ಕಾಣದ ಪ್ಲಾಸ್ಟಿಕ್ ಮಣಿಗಳು, ಅವುಗಳಲ್ಲಿ ಒಂದು ಲಬಕ್ಕನೆ ಬೆಳಕಿನ ಚುಕ್ಕೆಗೆ ಬಂದು ಕೂರುತ್ತದೆ, ನೀರು ಸರಿಸಿದರೆ ಉಳಿದವೆಲ್ಲ ಕೊಚ್ಚಿಹೋಗುತ್ತವೆ, ಇದು ಮಾತ್ರ ನಡುಗುತ್ತಾ ನಿಲ್ಲುತ್ತದೆ, ದಾರವಿಲ್ಲ, ಗೂಟವಿಲ್ಲ, ಬೆಳಕೇ ಚಿಮಟ, ಬೆಳಕೇ ಬೆರಳು — ಫೋಟೋ ತೆಗೆಯಲಿಲ್ಲ, ಸೋಮವಾರ ಬೆಂಗಳೂರಿನ ತಜ್ಞರು ಇದನ್ನೇ ನೋಡಲು ಬರುತ್ತಾರಲ್ಲ, ಅವರ ಕಣ್ಣೆದುರೇ ಆಗಲಿ ಎಂಬ ಕೊಬ್ಬು.

ನಡುವೆ ಆಯುಧಪೂಜೆ ಬಂತು, ಅವನು ಕುಣಿಗಲ್ಲಿನ ಮನೆಯಲ್ಲಿ ಸ್ಕೂಟರಿಗೆ ಹೂವು ಹಾಕುತ್ತಿದ್ದಾಗ ಅಲ್ಲಿ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥ ಸೋಮಶೇಖರ್, ಬೆಳಕಿನ ಬಗ್ಗೆಯೇ ಡಾಕ್ಟರೇಟ್ ಮಾಡಿದ ಮನುಷ್ಯ, ತಟ್ಟೆ ಹಿಡಿದು ಫ್ಯಾನಿಗೆ, ಬೀರುವಿಗೆ, ಬಾಗಿಲ ಚಿಲಕಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಆ ಲೆನ್ಸಿಗೂ ಎಳೆದ, ಮೈಗಲ್ಲ, ಗಾಜಿಗೇ. ಸೋಮವಾರ ಬೆಳಕು ಮಂಜಿನಂತೆ ಚೆದುರಿತು, ಒಂದು ಮಣಿಯೂ ಬರಲಿಲ್ಲ, ತಜ್ಞರು ಗಡಿಯಾರ ನೋಡಿದರು, ಸೋಮಶೇಖರ್ ಅವನ ಹೆಗಲ ಮೇಲೆ ಕೈಯಿಟ್ಟು, ನಮ್ ರೇಣುಕಾಪ್ರಸಾದ್ ಕಥೆ ಚೆನ್ನಾಗ್ ಹೇಳ್ತಾರೆ, ಬನ್ನಿ ಸಾರ್, ಕಾಫಿ ಆರೋಗುತ್ತೆ ಎಂದು ತಜ್ಞರನ್ನು ಕರೆದ. ಅವರು ಹೋದ ಮೇಲೆ ರೇಣುಕಾಪ್ರಸಾದ್ ಲೆನ್ಸು ಬಿಚ್ಚಿದರೆ ವಿಭೂತಿಯ ಮೂರು ಪಟ್ಟೆ, ಅಯ್ಯೋ ಇಷ್ಟೇನಾ ಎಂದು ಸೋಮಶೇಖರ್ ಕಸಿದುಕೊಂಡು ಶರ್ಟಿನ ಅಂಚಿನಿಂದ ಗಸಗಸ ಉಜ್ಜಿದ, ವಿಭೂತಿ ಹೋಯಿತು, ಗಾಜಿನ ಮೇಲೆ ಮೂರು ಗೀರು ಉಳಿದವು, ಮುಂಚೆ ಕೆಲ್ಸ ಮಾಡ್ತಿತ್ತು ಅನ್ನೋಕೆ ಸಾಕ್ಷಿ ಯಾರ್ರೀ, ನಾಳೆ ಆ ಟೇಬಲ್ ಖಾಲಿ ಮಾಡಿ, ಪ್ರಿಂಟರ್ ಇಡ್ಬೇಕು ಎಂದ. ಇವತ್ತೇ ಆ ನಾಳೆ. ಚಿರತೆ ಎಂದಾಗ ನಂಬಿದಂತೆ ನಟಿಸಿದವರು ಮಣಿ ಎಂದಾಗ ನಟಿಸುವುದೂ ಇಲ್ಲವಲ್ಲ, ಇಡೀ ಆಯಸ್ಸಿನಲ್ಲಿ ಒಂದೇ ಒಂದು ನಿಜ, ಅದನ್ನು ಯಾರಾದರೂ ಒಬ್ಬರು — ನೀರು ಸರಿಸ್ದೆ ಸಾರ್, ಉಳಿದವೆಲ್ಲ ಹೋದ್ವು, ಆದ್ರೂ ಅದು

ಮರಳೂರು ಬಂತು, ತಡಿಯಪ್ಪ, ದಾರಿ ಬಿಡು, ಮಹಾದೇವಯ್ಯನವರು ಚೀಲದೊಡನೆ ಇಳಿದೇಬಿಟ್ಟರು, ಖಾಲಿ ಸೀಟಿನ ಮೇಲೆ ಬಿಸಿಲು, ಬಿಸಿಲಲ್ಲಿ ಧೂಳು, ಎಲ್ಲ ಕೊಚ್ಚಿಹೋಗುತ್ತಿದೆ, ಅದು ಮಾತ್ರ, ನಡುಗುತ್ತಾ, ಅಲ್ಲೇ —