ಒಂದು ಉಸಿರಿನಷ್ಟು ತಡ

"ಇಲ್ಲಿ ಬರೋದು ನಮ್ಮೆಜಮಾನ್ರೇ, ಕೇಳಿ," ಎಂದು ಹೆಂಡತಿ ರೆಕಾರ್ಡ್ ಪ್ಲೇಯರಿನ ದನಿಯನ್ನು ಸ್ವಲ್ಪ ಏರಿಸಿದಳು. ಪಕ್ಕದ ಮನೆಯ ಟೀಚರು ಟೀ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟು ಮುಂದಕ್ಕೆ ಬಾಗಿ ಕೂತರು. ಕೊನೆಯ ಹಾಡು. ಸಭಾಂಗಣದ ಚಪ್ಪಾಳೆ ಇಳಿಯಿತು, ಡ್ರಮ್ಸ್ ನಿಂತಿತು. ಒಂದು, ಎರಡು, ಮೂರು, ನಾಲ್ಕು. ನಾಲ್ಕಕ್ಕೆ ಸರಿಯಾಗಿ ಬೇಸ್ ಗಿಟಾರ್ ಬಂತು, ಅದರ ಬೆನ್ನಿಗೇ ಹಾಡುಗಾರನ ಗಂಟಲು.

ಗಂಡ ಎದ್ದುಹೋಗಿ ಸೂಜಿಯನ್ನು ಎತ್ತಿ ಸ್ವಲ್ಪ ಹಿಂದಕ್ಕಿಟ್ಟ. ಮತ್ತೆ ಚಪ್ಪಾಳೆ, ಮತ್ತೆ ನಾಲ್ಕು ಎಣಿಕೆ, ಮತ್ತೆ ಬೇಸ್.

"ಏನ್ರೀ, ಗೀರು ಬಿದ್ದಿದೆಯಾ?"

"ಇಲ್ಲ. ಇನ್ನೊಂದ್ಸಲ ಕೇಳೋಣ ಅನ್ನಿಸ್ತು."

"ತಮ್ಮದನ್ನ ತಾವೇ ಎಷ್ಟು ಸಲ ಕೇಳ್ತಾರೆ ನೋಡಿ," ಎಂದು ಹೆಂಡತಿ ಟೀಚರ ಕಡೆ ತಿರುಗಿ ನಕ್ಕಳು.

ಬ್ಯಾಂಡಿನಲ್ಲಿ ಅವನನ್ನು ಎಲ್ಲರೂ ಗಡಿಯಾರ ಎನ್ನುತ್ತಿದ್ದರು. ಮೂವತ್ತೈದು ವರ್ಷ ಬೇಸ್ ನುಡಿಸಿದರೂ ತಾಳ ತಪ್ಪಿದವನಲ್ಲ. ಈ ಒಂದು ಜಾಗದಲ್ಲಿ ಮಾತ್ರ ಬೇಕೆಂದೇ ತಡ ಮಾಡುತ್ತಿದ್ದ. ಹನ್ನೆರಡು ವರ್ಷದ ಹಿಂದೆ ಹಾಡುಗಾರನಿಗೆ ಶ್ವಾಸಕೋಶದ ಆಪರೇಷನ್ ಆಗಿತ್ತು. ಆಮೇಲಿಂದ, ಆ ಎತ್ತರದ ಸಾಲು ಹಿಡಿಯುವ ಮುಂಚೆ ನಾಲ್ಕು ಎಣಿಕೆಯ ಬಿಡುವು ಅವನಿಗೆ ಸಾಲುತ್ತಿರಲಿಲ್ಲ. ಅದರ ಬಗ್ಗೆ ಇಬ್ಬರೂ ಎಂದೂ ಮಾತಾಡಿಕೊಂಡವರಲ್ಲ. ಹಾಡುಗಾರನ ಎಡಭುಜ ಮೇಲೇರಿ ನಿಲ್ಲುವವರೆಗೆ ಇವನು ತಂತಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದ, ಐದನೆಯ ಎಣಿಕೆಗೆ ಮೀಟುತ್ತಿದ್ದ. ಮುಂದಿನ ಸಾಲಿನಲ್ಲಿ ಕೂತವರಿಗೂ ಅದು ಗೊತ್ತಾಗುತ್ತಿರಲಿಲ್ಲ.

ರೆಕಾರ್ಡಿನಲ್ಲಿ ಯಾರೂ ಕಾದಿರಲಿಲ್ಲ, ಹಾಡುಗಾರ ಉಸಿರೆಳೆದುಕೊಳ್ಳುವ ಸದ್ದೂ ಇರಲಿಲ್ಲ. ಮೀಟಿದ ಸದ್ದೂ ಅವನ ಬೆರಳಿನದಲ್ಲ, ತಂತಿ ಮೀಟುವ ಪ್ಲಾಸ್ಟಿಕ್ ಬಿಲ್ಲೆಯದು. ಕವರಿನ ಹಿಂಬದಿಯಲ್ಲಿ ಅವನ ಫೋಟೋ ಇತ್ತು, ಕೆಳಗೆ ಅವನ ಹೆಸರು. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ, 'ಆ ಸಂಜೆ ನಡೆದದ್ದು ನಡೆದ ಹಾಗೆ' ಎಂದಿತ್ತು.

ಅವನು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಹಾಡುಗಾರನಿಗೆ ಫೋನ್ ಮಾಡಿದ.

"ಕೇಳಿದ್ಯೇನೋ ಗಡಿಯಾರ? ಹೇಗಿದೆ?"

"ಯಾರೋ ಅದು, ನುಡಿಸಿದ್ದು?"

ಆ ಕಡೆಯಿಂದ ಕೆಮ್ಮು. "ಸ್ಟುಡಿಯೋದವರು ಯಾರನ್ನೋ ಕರೆಸಿದ್ರು. ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ. ನಿನ್ನ ಹೆಸರು ತೆಗೀಕೂಡ್ದು ಅಂತ ನಾನೇ ಹಠ ಹಿಡಿದೆ ಕಣೋ."

"ಹೆಸರಿರ್ಲಿ. ನಾನು ನುಡಿಸಿದ್ದನ್ನ ಯಾಕೆ ತೆಗೆದ್ರು?"

"ಕೊನೇ ಹಾಡಲ್ಲಿ ತಡ ಇದೆ ಅಂದ್ರು. ಕಂಪ್ಯೂಟರಲ್ಲಿ ಗೆರೆ ಎಳೆದು ತೋರಿಸಿದ್ರು. ವಯಸ್ಸಾಯ್ತು, ಕೈ ನಿಧಾನ ಆಗಿದೆ, ಎಲ್ಲಾ ಹಾಡಿಗೂ ಬೇರೆಯವರೇ ನುಡಿಸ್ಲಿ ಅಂದ್ರು."

"ನೀನೇನಂದೆ?"

"ನಾನೇನನ್ಲಿ."

"ಯಾಕೆ ತಡ ಅಂತ ನಿಂಗೆ ಗೊತ್ತಿತ್ತಲ್ಲ."

ಫೋನಿನಲ್ಲಿ ಉಸಿರು ಕೇಳಿಸಿತು. ರೆಕಾರ್ಡಿನಿಂದ ಒರೆಸಿಹಾಕಿದ್ದ ಅದೇ ಉಸಿರು, ಏದುತ್ತಾ ಮೇಲೇರಿ ನಿಲ್ಲುವಂಥದ್ದು.

"ಗೊತ್ತಿತ್ತು," ಎಂದ ಹಾಡುಗಾರ. "ಅದನ್ನ ಹೇಳಿದ್ರೆ ನನ್ನ ಎದೆ ವಿಷ್ಯ ಹೇಳ್ಬೇಕಾಗ್ತಿತ್ತು. ಆಮೇಲೆ ನನ್ನನ್ನ ಯಾರು ಕರೀತಾರೆ ಹೇಳು." ಮತ್ತೆ ಕೆಮ್ಮಿ, "ಶನಿವಾರದ ಪ್ರೋಗ್ರಾಮಿಗೆ ಬರ್ತೀಯ ತಾನೆ? ಆ ಹಾಡು ನೀನಿಲ್ದೆ ಆಗಲ್ಲ."

"ಆ ರೆಕಾರ್ಡ್ ಹಾಕ್ಕೊಂಡು ಹಾಡು. ಅದರಲ್ಲಿ ಸರಿಯಾದ ಹೊತ್ತಿಗೆ ಬರ್ತಾರೆ."

ಹೊರಗೆ ಬಂದಾಗ ಟೀಚರು ಹೊರಟು ನಿಂತಿದ್ದರು. ಕವರಿನ ಮೇಲೆ ಬಿದ್ದಿದ್ದ ಒಂದು ಹನಿ ಟೀಯನ್ನು ಸೆರಗಿನಿಂದ ಒರೆಸಿ, "ಕೊನೇ ಹಾಡಲ್ಲಂತೂ ಮೈ ಝುಂ ಅಂತು ಅಣ್ಣಾ," ಎಂದರು. "ಸಂತೋಷ ಅಮ್ಮ," ಎಂದು ಅವನು ಗೇಟಿನವರೆಗೂ ಹೋಗಿ ಬೀಳ್ಕೊಟ್ಟ.

ರೆಕಾರ್ಡಿಗೆಂದು ಹೆಂಡತಿ ಬೆಳಿಗ್ಗೆಯೇ ಷೋಕೇಸಿನ ನಡುವೆ ಜಾಗ ಮಾಡಿಟ್ಟಿದ್ದಳು. ಅವನು ತಿರುಗಿ ಬಂದು ನೋಡಿದರೆ ಆ ಜಾಗ ಹಾಗೇ ಖಾಲಿ ಇತ್ತು. ರೆಕಾರ್ಡ್ ಕೆಳಗಿನ ಖಾನೆಯಲ್ಲಿ ಹಳೇ ವಾರಪತ್ರಿಕೆಗಳ ಅಡಿ ಸೇರಿತ್ತು. ಬಾಗಿಲಾಚೆ ಅವಳಿಗೆ ಎಷ್ಟು ಕೇಳಿಸಿತ್ತೋ, ಅವನು ಕೇಳಲಿಲ್ಲ.

"ಶನಿವಾರಕ್ಕೆ ಕರಿ ಷರ್ಟು ಇಸ್ತ್ರಿ ಮಾಡ್ಲಾ?"

"ಬೇಡ."

ಅವಳು ಲೋಟಗಳನ್ನು ಎತ್ತಿಕೊಂಡಳು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಆ ಹಾಡು ಒಂದ್ಸಲ ನುಡಿಸ್ತೀರಾ? ನಾನು ಪಾತ್ರೆ ತೊಳೀತಾ ಇರ್ತೀನಿ," ಎಂದಳು.

ಅವನು ವೈರು ಸಿಕ್ಕಿಸದೆಯೇ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡ. ತಂತಿಯ ಸದ್ದು ಕೋಣೆ ದಾಟುವಷ್ಟೇ ಇತ್ತು. ಒಳಗೆ ನಲ್ಲಿಯ ನೀರು ಸುರಿಯುತ್ತಿತ್ತು, ಲೋಟಕ್ಕೆ ಲೋಟ ತಾಗುತ್ತಿತ್ತು. ಹಾಡು ಆ ಜಾಗಕ್ಕೆ ಬಂತು. ಅವನು ಕೈ ನಿಲ್ಲಿಸಿದ. ಒಂದು, ಎರಡು, ಮೂರು.

ಅಡುಗೆಮನೆಯಲ್ಲಿ ನಲ್ಲಿ ನಿಂತಿತು.

ನಾಲ್ಕು ಕಳೆಯಿತು. ಐದಕ್ಕೆ ಅವನು ಮೀಟಿದ. ಆಮೇಲೆ ನೀರು ಮತ್ತೆ ಸುರಿಯತೊಡಗಿತು.